ಉಸಿರೆತ್ತದ ಆರು ವರ್ಷ

ಜನವರಿ 9

ಅಪ್ಪ,

ಫೋನಿನಲ್ಲಿ ನಾನು ಒಂದು ಹೇಳಿದರೆ ನಿಮಗೆ ಇನ್ನೊಂದು ಕೇಳಿಸುತ್ತದೆ. ಹಿಟ್ಟು ಕಲಸುವ ಯಂತ್ರದ ಪಕ್ಕ ಅಷ್ಟು ವರ್ಷ ನಿಂತ ಕಿವಿ, ಅದರ ತಪ್ಪಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಿಧಾನವಾಗಿ ಓದಿ, ನಿಧಾನವಾಗಿಯೇ ಉತ್ತರ ಬರೆಯಿರಿ.

ಇಲ್ಲಿ ನಾನು ಮಾಡುವ ಕೆಲಸ ಏನೆಂದು ನೀವು ಎಂದೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆರೋಗ್ಯ ಇಲಾಖೆಯಲ್ಲಿ ನನ್ನ ಮೇಜಿಗೆ ಉಬ್ಬಸದ ಲೆಕ್ಕ ಬರುತ್ತದೆ. ಉಬ್ಬಸ ಇರುವವರೆಲ್ಲರದ್ದಲ್ಲ, ಆ ವರ್ಷ ಮೊದಲ ಸಲ ವೈದ್ಯರಿಂದ ಉಬ್ಬಸ ಎಂದು ಬರೆಸಿಕೊಂಡವರದ್ದು ಮಾತ್ರ. ಒಬ್ಬ ಮನುಷ್ಯ ಈ ಲೆಕ್ಕಕ್ಕೆ ಜೀವಮಾನದಲ್ಲಿ ಒಂದೇ ಸಲ ಬರುತ್ತಾನೆ. ಇಪ್ಪತ್ತೈದು ವರ್ಷದ ಅಂಕಿಗಳನ್ನು ಸಾಲಾಗಿ ಜೋಡಿಸಿ ಗೆರೆ ಎಳೆಯುತ್ತಿದ್ದೇವೆ. ಎಲ್ಲಿ ಏರಿತು, ಎಲ್ಲಿ ಇಳಿಯಿತು, ಯಾಕೆ ಎಂದು ವರದಿ ಬರೆಯಬೇಕು.

ಬಟ್ಟೆ ಗಿರಣಿ, ಮರ ಕೊಯ್ಯುವ ಕಾರ್ಖಾನೆ, ಬಣ್ಣದ ಕಾರ್ಖಾನೆ, ಎಲ್ಲ ಕಡೆ ಗೆರೆ ಏರುತ್ತಲೇ ಇದೆ. ಒಂದೇ ಒಂದು ಕಡೆ ನಡುವೆ ಆರು ವರ್ಷ ತಗ್ಗಿದೆ. ಅದು ನಿಮ್ಮ ಬ್ರೆಡ್ ಕಾರ್ಖಾನೆ. ಅದಕ್ಕೆ ಮೊದಲು ವರ್ಷಕ್ಕೆ ಐದು, ಆರು, ಐದು ಜನ. ಆಮೇಲೆ ಎರಡು, ಒಂದು, ಸೊನ್ನೆ, ಸೊನ್ನೆ, ಒಂದು, ಸೊನ್ನೆ. ಆ ಆರು ವರ್ಷ ಹಿಟ್ಟಿನ ವಿಭಾಗಕ್ಕೆ ಮೇಸ್ತ್ರಿ ಯಾರು ಎಂದು ನೋಡಿದರೆ, ನೀವು.

ನಮ್ಮ ಮೇಡಂ ಗೆರೆಯ ಮೇಲೆ ಬೆರಳಿಟ್ಟು, "ಈ ಪುಣ್ಯಾತ್ಮ ಏನು ಮಾಡಿದ ಅಂತ ಮೊದ್ಲು ತಿಳ್ಕೋಬೇಕು. ಉಳಿದ ಕಡೆನೂ ಅದನ್ನೇ ಮಾಡ್ಸೋಣ" ಅಂದರು. ಆ ಪುಣ್ಯಾತ್ಮ ನಮ್ಮಪ್ಪ ಅಂದೆ. ಕೋಣೆಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಬಹಳ ದಿನದ ಮೇಲೆ ಒಂಚೂರು ಜಂಬ ಅನ್ನಿಸಿತು.

ಏನು ಮಾಡಿದಿರಿ, ಬರೆಯಿರಿ.

ನಿಮ್ಮ ಮಗಳು


ಜನವರಿ 24

ಮಗಳೇ,

ಕಾಗದ ಬಂತು. ಕನ್ನಡಕ ಬದಲಾಯಿಸಬೇಕು, ಅಕ್ಷರ ಎರಡೆರಡಾಗಿ ಕಾಣುತ್ತದೆ. ಮೇಲಿನ ಮನೆಯ ನಲ್ಲಿ ಸೋರಿ ನನ್ನ ಅಡುಗೆಮನೆ ಗೋಡೆಗೆ ನೀರಿಳಿದಿದೆ. ಹೇಳಿದ್ದೇನೆ. ನಾಳೆ, ನಾಡಿದ್ದು ಅನ್ನುತ್ತಾರೆ.

ನೀನು ಕೇಳಿದ್ದಕ್ಕೆ: ವಿಶೇಷ ಏನೂ ಮಾಡಲಿಲ್ಲ. ಕಿಟಕಿ ತೆರೆಸಿಡುತ್ತಿದ್ದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಅನ್ನುತ್ತಿದ್ದೆ. ಜನ ಮಾತು ಕೇಳುತ್ತಿದ್ದರು. ಅಷ್ಟೇ. ಹಳೆಯ ಮಾತು, ಈಗ ಯಾಕೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಪ್ಪ


ಫೆಬ್ರವರಿ 6

ಅಪ್ಪ,

ಉತ್ತರ ಓದಿ ಮೇಡಮ್‌ಗೂ ತೋರಿಸಿದೆ. ಏಪ್ರಿಲ್‌ನಲ್ಲಿ ಒಂದು ಸಭೆ ಇದೆ, ಬೇರೆ ಕಾರ್ಖಾನೆಗಳ ಮೇಸ್ತ್ರಿಗಳು ಬರುತ್ತಾರೆ. ನೀವು ಬಂದು ಹತ್ತು ನಿಮಿಷ ಮಾತಾಡಬೇಕಂತೆ. ಬಸ್ಸಿಗೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.

ಎರಡು ಸಣ್ಣ ಅನುಮಾನ. ಕಾರ್ಖಾನೆಯ ನಕ್ಷೆ ತರಿಸಿ ನೋಡಿದೆ. ಹಿಟ್ಟು ಕಲಸುವ ಕೋಣೆ ಕಟ್ಟಡದ ನಡುಮಧ್ಯದಲ್ಲಿದೆ, ಅದಕ್ಕೆ ಕಿಟಕಿಯೇ ಕಾಣಲಿಲ್ಲ. ಕಿಟಕಿ ಯಾವಾಗ ಒಡೆಸಿದಿರಿ, ತಿಂಗಳು ನೆನಪಿದೆಯಾ? ಇನ್ನೊಂದು: ನೀವು ಉಗ್ರಾಣಕ್ಕೆ ವರ್ಗ ಮಾಡಿಸಿಕೊಂಡ ವರ್ಷವೇ ಅಂಕಿ ಒಂಬತ್ತಕ್ಕೆ ಹಾರಿದೆ, ಮರುವರ್ಷ ಹನ್ನೊಂದು. ನೀವು ಬಿಟ್ಟ ತಕ್ಷಣ ಅಷ್ಟು ಏರಬೇಕಾದರೆ ನೀವು ಮಾಡಿದ್ದು ಕಿಟಕಿಗಿಂತ ದೊಡ್ಡದೇನೋ ಇರಬೇಕು. ಸಂಕೋಚ ಬಿಟ್ಟು ಹೇಳಿ.

ಆ ನಕ್ಷೆ ನೋಡುತ್ತಾ ಮಾವ ನೆನಪಾದ. ಅದೇ ಕೋಣೆಯಲ್ಲಲ್ಲವೇ ಅವನು ಚೀಲ ಸುರಿಯುತ್ತಿದ್ದದ್ದು. ಸಂಜೆ ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ನಮ್ಮ ಮನೆಗೇ ಬಂದು, "ಅಕ್ಕಾ, ಇನ್ನು ಎಣ್ಣೆಗೆ ಬಿಡೋದೊಂದೇ ಬಾಕಿ" ಅನ್ನುತ್ತಿದ್ದ. ಅಮ್ಮ ನಗುತ್ತಿದ್ದಳು. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಅವನಿಗೆ ಕೆಲಸದ ಜಾಗದಲ್ಲೇ ಹೃದಯ ನಿಂತಿತು. ಅದಾದ ಮೇಲೆ ಅಮ್ಮ ನಕ್ಕಿದ್ದು ನನಗೆ ನೆನಪಿಲ್ಲ.

ನಿಮ್ಮ ಮಗಳು


ಫೆಬ್ರವರಿ 20

ಮಗಳೇ,

ನನ್ನ ಹೆಸರು ವರದಿಯಲ್ಲಿ ಹಾಕಬೇಡ. ಸಭೆಗೆ ಬರಲು ಆಗುವುದಿಲ್ಲ, ಮಂಡಿ ನೋವು.

ಕಿಟಕಿ ಇರಲಿಲ್ಲ. ಬಾಗಿಲು ಅನ್ನಬೇಕಿತ್ತು.

ಗೋಡೆ ಇನ್ನೂ ಒಣಗಿಲ್ಲ.

ಅಪ್ಪ


ಮಾರ್ಚ್ 12

ಅಪ್ಪ,

ಇದನ್ನು ಹೇಗೆ ಬರೆಯುವುದು ಎಂದು ನಾಲ್ಕು ದಿನ ಯೋಚಿಸಿದೆ. ನೇರವಾಗಿ ಬರೆದುಬಿಡುತ್ತೇನೆ.

ನೀವು ಹೇಳದಿದ್ದರೆ ಕಾರ್ಖಾನೆಯ ಕಾಗದಗಳಾದರೂ ಹೇಳಲಿ ಎಂದು ಆ ಆರು ವರ್ಷದ ಹಾಜರಿ ಪುಸ್ತಕಗಳನ್ನು ತರಿಸಿದೆ. ಯಾರು ಎಷ್ಟು ಹೊತ್ತು ಹಿಟ್ಟಿನ ಧೂಳಿನಲ್ಲಿ ಇರುತ್ತಿದ್ದರು ಎಂದು ನೋಡುವುದು ನನ್ನ ಉದ್ದೇಶವಾಗಿತ್ತು. ಬೇರೆಯದೇ ಕಂಡಿತು.

ಕಾರ್ಖಾನೆಗೆ ಡಾಕ್ಟರು ಮೂರು ತಿಂಗಳಿಗೊಮ್ಮೆ ಬಂದು, ಎಲ್ಲರಿಂದ ಉಸಿರಿನ ಬಲ ಅಳೆಯುವ ಕೊಳವೆ ಊದಿಸಿ, ಪರೀಕ್ಷೆ ಮಾಡಿ ಹೋಗುತ್ತಿದ್ದರು. ಅವರ ಪುಸ್ತಕದಿಂದಲೇ ನಮಗೆ ಅಂಕಿ ಬರುತ್ತಿದ್ದದ್ದು. ಡಾಕ್ಟರು ಬಂದ ದಿನ ನಿಮ್ಮ ವಿಭಾಗದಲ್ಲಿ ಮೊದಲ ಸಲ ಒಬ್ಬರು, ಆಮೇಲೆ ಮೂವರು, ಬರಬರುತ್ತಾ ಐದಾರು ಜನ ರಜೆ. ಮರುದಿನ ಎಲ್ಲರೂ ಹಾಜರು. ಮುಂದಿನ ಸಲವೂ ಹಾಗೆಯೇ. ಅದೇ ಜನ, ಮಧ್ಯೆ ಒಬ್ಬೊಬ್ಬರು ಹೊಸದಾಗಿ ಸೇರಿಕೊಳ್ಳುತ್ತಾರೆ. ರಜೆ ಮಂಜೂರು ಮಾಡಿದ ಸಹಿ ನಿಮ್ಮದು. ಆರು ವರ್ಷ, ಇಪ್ಪತ್ತನಾಲ್ಕು ಸಲ. ಕೊನೆಯ ಐದು ಸಲ ಆ ಪಟ್ಟಿಯಲ್ಲಿ ಮಾವನೂ ಇದ್ದಾನೆ.

ಇದನ್ನು ಇನ್ನೂ ಮೇಡಮ್‌ಗೆ ತೋರಿಸಿಲ್ಲ. ಇದೇನು ಅಪ್ಪ? ಎಷ್ಟು ಜನ?

ಮಗಳು


ಏಪ್ರಿಲ್ 3

ಮಗಳೇ,

ನೀನು ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ನಾನು ಹೆಗಲು ಮುಟ್ಟಿ ನೋಡಿಕೊಂಡಿದ್ದೆ. ಕಿಟಕಿ ಅಂತ ಬರೆದದ್ದು ಅದಕ್ಕೇ. ಈಗ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಶುರುವಾದದ್ದು ಹೀಗೆ. ನಮ್ಮಲ್ಲಿ ಜರಡಿ ಹಿಡಿಯುವ ಹೆಂಗಸೊಬ್ಬಳಿದ್ದಳು, ಗಂಡ ಹಾಸಿಗೆ ಹಿಡಿದಿದ್ದ. ನಾನು ಮೇಸ್ತ್ರಿಯಾದ ಹೊಸತು. ಡಾಕ್ಟರು ಬರುವ ಹಿಂದಿನ ದಿನ ಬಂದು ನಿಂತಳು. "ಅಣ್ಣಾ, ಊದಿಸಿ ನೋಡಿದ್ರೆ ನನ್ನನ್ನ ಬರ್ಕೊಂಡುಬಿಡ್ತಾರೆ. ಬರ್ಕೊಂಡ್ರೆ ಮನೆಗೆ ಕಳಿಸ್ತಾರೆ. ನಾಳೆ ಒಂದಿನ ರಜೆ ಕೊಡಿ" ಅಂದಳು. ಉಬ್ಬಸ ಅಂತ ಬರೆದವರಿಗೆ ಧೂಳಿಲ್ಲದ ಕಡೆ ಕೆಲಸ ಕೊಡಬೇಕೆಂದು ಕಾಯಿದೆ ಇತ್ತು. ಕೊಡುತ್ತಿರಲಿಲ್ಲ. ಏನೋ ನೆಪ ಹುಡುಕಿ ಬಿಡಿಸುತ್ತಿದ್ದರು. ರಜೆ ಕೊಟ್ಟೆ. ಉಪಕಾರ ಮಾಡಿದೆ ಅಂತಲೇ ಅಂದುಕೊಂಡೆ. ಈಗಲೂ ಆ ಒಂದು ರಜೆಯ ಬಗ್ಗೆ ನನಗೆ ಪಶ್ಚಾತ್ತಾಪ ಇಲ್ಲ.

ಮುಂದಿನ ಸಲ ಮೂವರು ಬಂದರು. ಅದರ ಮುಂದಿನ ಸಲದಿಂದ ಅವರು ಕೇಳುವುದು ನಿಂತು, ನಾನು ಹೇಳುವುದು ಶುರುವಾಯಿತು. ನಾಳೆ ನೀನು ಬರಬೇಡ, ನೀನೂ ಬರಬೇಡ. ನೀನು ಬಾ, ಆದರೆ ಕೆಮ್ಮಿನ ವಿಷಯ ಡಾಕ್ಟರ ಮುಂದೆ ಉಸಿರೆತ್ತಬೇಡ. ಮೊದಲ ಸೊನ್ನೆ ಬಂದ ವರ್ಷ ಮ್ಯಾನೇಜರು ಕೋಣೆಗೆ ಕರೆದು ಕೈ ಕುಲುಕಿದರು. ಬಾಗಿಲ ಪಕ್ಕ ಒಂದು ಹಲಗೆ ಹಾಕಿಸಿದರು, ಹೊಸ ರೋಗಿಗಳು ಸೊನ್ನೆ ಅಂತ. ಅದರ ಕೆಳಗೆ ದಿನಾ ಹಾದು ಹೋಗುತ್ತಿದ್ದೆ. ಒಂದೊಂದು ದಿನ ನನಗೇ ಅದು ನಿಜ ಅನ್ನಿಸುತ್ತಿತ್ತು.

ನಿನ್ನ ಮಾವನ ವಿಷಯ. ಅವನು ನಾನು ಟೀ ಕುಡಿಯುವಾಗ ಬಂದು ಹೇಳಿದ. "ಭಾವ, ಭಾನುವಾರ ಚೆನ್ನಾಗಿರ್ತೀನಿ. ಸೋಮವಾರ ಮಧ್ಯಾಹ್ನ ಆಗ್ತಿದ್ದಂಗೆ ಎದೆ ಹಗ್ಗ ಹಾಕಿ ಬಿಗಿದಂಗಾಗತ್ತೆ. ನನ್ನನ್ನ ಬರೆಸಿಬಿಡಿ."

ನಾನು ಹೀಗೆ ಮುಚ್ಚಿಟ್ಟ ಇಪ್ಪತ್ತಮೂರು ಜನರಲ್ಲಿ ಬರೆಸಿ ಅಂದವನು ಅವನೊಬ್ಬನೇ.

ನಾನು, "ನಿನ್ನನ್ನ ಬರೆಸಿದ್ರೆ ಉಳಿದವರದ್ದೂ ಈಚೆ ಬರತ್ತೆ. ಸ್ವಲ್ಪ ತಡ್ಕೋ. ಪ್ಯಾಕಿಂಗಲ್ಲಿ ಜಾಗ ಖಾಲಿಯಾಗ್ಲಿ, ನಾನೇ ಹಾಕ್ತೀನಿ" ಅಂದೆ. "ನೀವು ಹೇಳಿದ್ಮೇಲೆ ಆಯ್ತು ಬಿಡಿ" ಅಂದ. ಹದಿನಾಲ್ಕು ತಿಂಗಳು ತಡೆದುಕೊಂಡ. ಅಷ್ಟರಲ್ಲಿ ಪ್ಯಾಕಿಂಗಿನಲ್ಲಿ ಎರಡು ಸಲ ಜಾಗ ಖಾಲಿಯಾಯಿತು. ಎರಡು ಸಲವೂ ಬೇರೆಯವರನ್ನು ಹಾಕಿದೆ. ಹೆಂಡತಿಯ ತಮ್ಮನಿಗೆ ಕೊಟ್ಟ ಅನ್ನಿಸಿಕೊಳ್ಳಬಾರದು ಅಂತ.

ಗುರುವಾರ, ಊಟದ ಗಂಟೆಗೆ ಸ್ವಲ್ಪ ಮುಂಚೆ. ಚೀಲದ ಮೇಲೆ ಕೂತು ಎರಡೂ ಕೈ ಮಂಡಿಗೆ ಊರಿಕೊಂಡು ಮುಂದಕ್ಕೆ ಬಾಗಿದ್ದ. ತುಟಿ ನೀಲಿಯಾಗಿತ್ತು. ನೀರು ಕೊಟ್ಟೆ, ಗುಟುಕರಿಸಲು ಆಗಲಿಲ್ಲ. ಆಸ್ಪತ್ರೆಗೆ ಹೋಗುವ ಗಾಡಿಯಲ್ಲೇ ಮುಗಿಯಿತು. ಘಟನೆ ಪುಸ್ತಕದಲ್ಲಿ ಹೃದಯ ಅಂತ ನಾನೇ ಬರೆದೆ. ಹಾಗೆ ಬರೆ ಅಂತ ಯಾರೂ ಹೇಳಲಿಲ್ಲ. ಆಸ್ಪತ್ರೆಯವರು ಪುಸ್ತಕ ನೋಡಿ ಅದನ್ನೇ ಬರೆದುಕೊಂಡರು.

ಎಲ್ಲ ಮುಗಿದ ಮೇಲೆ ನಿನ್ನ ಅಮ್ಮ ಅಡುಗೆಮನೆಯಲ್ಲಿ ಬೆನ್ನು ಹಾಕಿ ನಿಂತು ಕೇಳಿದಳು. "ಅವನು ನಿಮಗೆ ಹೇಳಿರ್ಲಿಲ್ವಾ?"

"ಇಲ್ಲ" ಅಂದೆ.

"ಸರಿ" ಅಂದಳು.

ಆಮೇಲೆ ಹನ್ನೊಂದು ವರ್ಷ ಊಟ ಬಡಿಸಿದಳು, ಬಟ್ಟೆ ಒಗೆದಳು. ಉಪ್ಪು ಬೇಕಾ, ಬಾಗಿಲು ಹಾಕ್ಲಾ, ಅಷ್ಟೇ ಮಾತು. ತಮ್ಮ ಹೋದ ಸಂಕಟ ಅಂತ ನೀನು ಅಂದುಕೊಂಡೆ. ಅಂದುಕೊಳ್ಳಲಿ ಅಂತ ನಾನೂ ಬಿಟ್ಟೆ.

ಉಗ್ರಾಣಕ್ಕೆ ವರ್ಗ ಕೇಳಿದ್ದು ಆಗ ನಿಮಗೆಲ್ಲ ಹೇಳಿದ ಹಾಗೆ ಮಂಡಿ ನೋವಿಗಲ್ಲ. ಆ ಕೋಣೆಗೆ ಕಾಲಿಡಲು ಆಗಲಿಲ್ಲ.

ಎಷ್ಟು ಜನ ಅಂತ ನೀನು ಕೇಳಿದ್ದೆ. ಆಮೇಲೂ ಯಾವ ಪುಸ್ತಕಕ್ಕೂ ಬರದೆ ಉಳಿದವರನ್ನು ಮೂರು ದಿನ ಕೂತು ನೆನಪಿಸಿಕೊಂಡೆ. ಇಪ್ಪತ್ತಮೂರು.

ಅಪ್ಪ


ಮೇ 17

ಅಪ್ಪ,

ನಿಮ್ಮ ಕಾಗದ ಕಚೇರಿಯ ವಿಳಾಸಕ್ಕೆ ಬಂತು. ಓದಿ, ಮಡಚಿಟ್ಟು, ಸಂಜೆಯವರೆಗೆ ಕೆಲಸ ಮಾಡಿದೆ. ನಾಲ್ಕು ಪಟ್ಟಿ ಮುಗಿಸಿದೆ, ಒಂದರಲ್ಲೂ ತಪ್ಪಿರಲಿಲ್ಲ. ಮನೆಗೆ ಬಂದು ಪಾತ್ರೆ ತೊಳೆದೆ. ಅಳು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಒಂದು ತಿಂಗಳ ಮೇಲಾಯಿತು, ಇನ್ನೂ ಬಂದಿಲ್ಲ.

ಅಮ್ಮನ ಕಬ್ಬಿಣದ ಪೆಟ್ಟಿಗೆ ನನ್ನ ಮಂಚದ ಕೆಳಗಿತ್ತು. ಅವಳು ಹೋಗಿ ಮೂರು ವರ್ಷವಾದರೂ ತೆರೆದಿರಲಿಲ್ಲ. ಮೊನ್ನೆ ತೆರೆದೆ. ಸೀರೆಗಳ ಅಡಿಯಲ್ಲಿ ಮಾವನ ಹೆಸರಿನ ಮೂರು ಔಷಧಿ ಚೀಟಿ ಇವೆ. ಖಾಸಗಿ ಡಾಕ್ಟರದ್ದು, ಆಗ ಅವರ ಲೆಕ್ಕ ಇಲಾಖೆಗೆ ಬರುತ್ತಿರಲಿಲ್ಲ. ಮೂರರಲ್ಲೂ ಉಬ್ಬಸ ಎಂದೇ ಇದೆ. ಒಂದರ ಹಿಂದೆ ಅಮ್ಮನ ಅಕ್ಷರ: "ಭಾವನಿಗೆ ಹೇಳಿದ್ದೀನಿ ಅಂದ."

ಮೇಡಮ್‌ಗೆ ಎಲ್ಲ ಹೇಳಿದೆ. ಅವರು ಹಾಜರಿ ಪುಸ್ತಕ ಮುಚ್ಚಿ, "ಒಂದು ಕಾರ್ಖಾನೆ ಬಿಟ್ಟು ಗೆರೆ ಎಳೆದ್ರೂ ನಡಿಯತ್ತೆ ಕಣಮ್ಮ. ನಿಮ್ಮಪ್ಪ ಅನ್ನೋದೊಂದಿದೆಯಲ್ಲ" ಅಂದರು. ಬಿಡುವುದು ಬೇಡ ಅಂದೆ.

ಒಂದು ವಿಷಯ ನಿಮಗೆ ಗೊತ್ತಿರಲಿ. ಚುಚ್ಚಲು ಹೇಳುತ್ತಿಲ್ಲ, ಕಡತದಲ್ಲಿ ಇದ್ದದ್ದು. ನೀವು ಬಿಟ್ಟ ವರ್ಷ ಒಂಬತ್ತು ಜನ ಎಂದು ವರದಿ ಬಂತಲ್ಲ, ಆ ಒಂಬತ್ತನ್ನು ನೋಡಿ ಇಲಾಖೆಯವರು ತಪಾಸಣೆಗೆ ಹೋದರು. ಮರುವರ್ಷ ಹನ್ನೊಂದು ಬಂದ ಮೇಲೆ ಧೂಳು ಎಳೆಯುವ ಕೊಳವೆ ಹಾಕಿಸಿದರು. ಅದಾದ ಮೇಲೆ ಅಂಕಿ ನಿಜವಾಗಿ ಇಳಿದಿದೆ. ಸೊನ್ನೆ ಬಂದ ಕಡೆ ಯಾರೂ ಕೊಳವೆ ತಂದುಕೊಡುವುದಿಲ್ಲ.

ಇದರ ಜೊತೆ ಇಪ್ಪತ್ತಮೂರು ಫಾರಂ ಇವೆ. ಒಬ್ಬೊಬ್ಬರಿಗೆ ಒಂದು. ಬದುಕಿರುವವರನ್ನು ವೈದ್ಯರು ಈಗ ಪರೀಕ್ಷಿಸಿ, ಹಳೆಯ ಚೀಟಿ ನೋಡಿ, ಯಾವ ವರ್ಷದ್ದು ಎಂದು ಗುರುತಿಸುತ್ತಾರೆ. ಅವರ ಮನೆಗಳಿಗೆ ಹೋಗಿ ಒಪ್ಪಿಗೆ ಪಡೆದು ತುಂಬಬೇಕು. ಆಗ ಯಾಕೆ ಬರೆಸಲಿಲ್ಲ ಎಂಬ ಕಡೆ ನೀವು ಬರೆದು ಸಹಿ ಹಾಕಬೇಕು. ಅಂಚೆಯಲ್ಲಿ ಕಳಿಸಿ.

ಮಗಳು


ಜೂನ್ 21

ಮಗಳೇ,

ಫಾರಂ ತುಂಬಿದ್ದೇನೆ. ಒಂದು ತಿಂಗಳು ಹಿಡಿಯಿತು. ಬಸ್ಸಿನಲ್ಲಿ, ನಡೆದು, ಕೇಳಿ ಕೇಳಿ ಹುಡುಕಿದೆ. ಹದಿನಾರು ಜನ ಇದ್ದಾರೆ. ಏಳು ಜನ ಇಲ್ಲ. ಇಲ್ಲದವರ ಮನೆಯಲ್ಲಿ ಸಿಕ್ಕ ಚೀಟಿಗಳನ್ನು ಪಿನ್ನು ಹಾಕಿ ಇಟ್ಟಿದ್ದೇನೆ.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜರಡಿ ಹಿಡಿಯುತ್ತಿದ್ದ ಹೆಂಗಸು ಕುರ್ಚಿ ಹಾಕಿ ಕೂರಿಸಿ, "ನಿಮ್ಮ ದಯದಿಂದ ಮಗಳ ಓದು ಮುಗೀತು ಅಣ್ಣಾ" ಅಂದಳು. ಅಷ್ಟು ಹೇಳುವುದರಲ್ಲಿ ಎರಡು ಸಲ ನಿಂತು ಉಸಿರು ತೆಗೆದುಕೊಂಡಳು. ಮೆಟ್ಟಿಲು ಹತ್ತಲು ಆಗುವುದಿಲ್ಲವಂತೆ, ನೆಲಮಹಡಿಯ ಒಂದೇ ಕೋಣೆಯಲ್ಲಿ ಇದ್ದಾಳೆ. ಒಲೆ ಉರಿಸುತ್ತಿದ್ದವನನ್ನು ನಾವು ಉದ್ದಣ್ಣ ಅನ್ನುತ್ತಿದ್ದೆವು, ಈಗ ಗೂನು ಬಿದ್ದಿದೆ. "ಸರಕಾರದವರು ಇಷ್ಟು ವರ್ಷ ಆದ್ಮೇಲೆ ಎಣಿಸಿ ಏನ್ಮಾಡ್ತಾರೆ ಮೇಸ್ತ್ರಿ, ಉಪ್ಪಿನಕಾಯಿ ಹಾಕ್ತಾರಾ?" ಅಂತ ಕೇಳಿದ. ಫಾರಂ ಮುಂದಕ್ಕೆ ಸರಿಸಿದೆ. ಸಹಿ ಹಾಕಿ ಕೊಟ್ಟ.

ಎಲ್ಲ ಫಾರಂನಲ್ಲೂ ಕೊನೆಗೆ ಒಂದು ಸಾಲಿದೆ, ಮಾಹಿತಿ ಕೊಟ್ಟವರಿಗೂ ರೋಗಿಗೂ ಏನು ಸಂಬಂಧ ಅಂತ. ಇಪ್ಪತ್ತೆರಡರಲ್ಲಿ ಮೇಸ್ತ್ರಿ ಅಂತ ಬರೆದೆ. ನಿನ್ನ ಮಾವನ ಫಾರಂನಲ್ಲಿ ಏನು ಬರೆಯಬೇಕು ಅಂತ ತಿಳಿಯಲಿಲ್ಲ. ಮೇಸ್ತ್ರಿ ಅಂದರೆ ಅಷ್ಟೇ ಅಲ್ಲ. ಭಾವ ಅಂತ ಬರೆಯಲು ಪೆನ್ನು ಊರಿ, ಮತ್ತೆ ಎತ್ತಿದೆ. ಖಾಲಿ ಬಿಟ್ಟಿದ್ದೇನೆ. ನಿನಗೆ ಸರಿ ಕಂಡದ್ದು ಬರೆದುಕೋ.

ಅಪ್ಪ


ಜುಲೈ 9

ಅಪ್ಪ,

ಫಾರಂಗಳು ತಲುಪಿದವು. ವೈದ್ಯರು ಇಪ್ಪತ್ತಮೂರನ್ನೂ ಒಪ್ಪಿದ್ದಾರೆ. ಗೆರೆಯನ್ನು ಮತ್ತೆ ಎಳೆದೆವು. ತಗ್ಗು ಈಗ ಇಲ್ಲ. ಆ ಆರು ವರ್ಷವೂ ನಾಲ್ಕು, ಐದು, ಆರರ ಆಸುಪಾಸಿನಲ್ಲೇ ಹೋಗಿ ಒಂಬತ್ತು, ಹನ್ನೊಂದಕ್ಕೆ ಕೂಡಿಕೊಳ್ಳುತ್ತದೆ. ವರದಿಯಲ್ಲಿ ಇದಕ್ಕೆ ಅರ್ಧ ಪುಟ ಸಿಕ್ಕಿದೆ. ನಿಮ್ಮ ಹೆಸರಿಲ್ಲ, ಅವರ್‍ಯಾರ ಹೆಸರೂ ಇಲ್ಲ. ಮಾವ ಐದನೆಯ ವರ್ಷದ ಅಂಕಿಯಲ್ಲಿದ್ದಾನೆ. ಒಂದು ಇದ್ದದ್ದು ಆರಾಗಿದೆ, ಅದರಲ್ಲೊಬ್ಬ.

ಖಾಲಿ ಬಿಟ್ಟ ಜಾಗದಲ್ಲಿ ಎರಡನ್ನೂ ಬರೆದೆ. ಮೇಸ್ತ್ರಿ, ಭಾವ. ಗುಮಾಸ್ತ ಯಾವುದಾದರೂ ಒಂದನ್ನು ಹೊಡೆದುಹಾಕಿ ಅಂದ. ಇರಲಿ ಅಂದೆ.

ಮಾವನನ್ನು ಕಳೆದುಕೊಂಡ ಅತ್ತೆಗೆ ಇದು ಯಾವುದೂ ಗೊತ್ತಿಲ್ಲ. ಮಾವನ ಫಾರಂಗೆ ಅಮ್ಮನ ಚೀಟಿಗಳು ಸಾಕಾದವು, ಒಪ್ಪಿಗೆಗೆ ರಕ್ತಸಂಬಂಧಿ ಎಂದು ನಾನೇ ಸಹಿ ಹಾಕಿದೆ. ಅವರಿಗೆ ಹೇಳುವುದು ನನ್ನ ಕೆಲಸವಲ್ಲ.

ಮಗಳು


ಜುಲೈ 27

ಮಗಳೇ,

ಮೊನ್ನೆ ನಿನ್ನ ಅತ್ತೆಯ ಹೊಲಿಗೆ ಅಂಗಡಿಗೆ ಹೋಗಿದ್ದೆ. ಗಂಡ ಹೋದ ಮೇಲೆ ಅವಳು ಹಾಕಿಕೊಂಡ ಅಂಗಡಿ, ಒಂದು ಬಾಗಿಲಿನದ್ದು. ನಾನು ಒಳಗೆ ಕಾಲಿಟ್ಟದ್ದು ಇದೇ ಮೊದಲು. ಯಾವುದೋ ಶಾಲೆಯ ಸಮವಸ್ತ್ರದ ತೋಳು ಹೊಲಿಯುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಅವನು ನನ್ನನ್ನು ಕೇಳಿದ್ದು, ನಾನು ತಡ್ಕೋ ಅಂದದ್ದು, ಪ್ಯಾಕಿಂಗಿನಲ್ಲಿ ಎರಡು ಸಲ ಜಾಗ ಖಾಲಿಯಾದದ್ದು, ಹೃದಯ ಅಂತ ಬರೆದದ್ದು. ಹೊಲಿಗೆ ನಿಲ್ಲಿಸಲಿಲ್ಲ. ತೋಳು ಮುಗಿಸಿ, ದಾರ ಕತ್ತರಿಸಿ, ಇನ್ನೊಂದು ತೋಳು ಎತ್ತಿಕೊಂಡಳು.

"ಒಟ್ಟು ಎಷ್ಟು ಜನ?" ಅಂದಳು.

"ಇಪ್ಪತ್ತಮೂರು."

"ಗುಡಿಸೋಳನ್ನ ಸೇರಿಸಿದ್ದೀರಾ?"

ಯಾರು ಅಂತ ನನಗೆ ಮೊದಲು ಹೊಳೆಯಲಿಲ್ಲ, ಅವಳೇ ನೆನಪಿಸಿದಳು. ಪಾಳಿ ಮುಗಿದ ಮೇಲೆ ಬಂದು ಆ ಕೋಣೆಯ ನೆಲದ ಹಿಟ್ಟನ್ನೆಲ್ಲ ಗುಡಿಸುತ್ತಿದ್ದವಳು. ಗುತ್ತಿಗೆದಾರನ ಕಡೆಯವಳು, ನಮ್ಮ ಹಾಜರಿ ಪುಸ್ತಕದಲ್ಲಿ ಅವಳ ಹೆಸರೇ ಇರಲಿಲ್ಲ. ಡಾಕ್ಟರೂ ಅವಳನ್ನು ನೋಡುತ್ತಿರಲಿಲ್ಲ. ಆರು ವರ್ಷ ದಿನಾ ನನ್ನ ಮುಂದೆಯೇ ಗುಡಿಸಿದ್ದಾಳೆ. ಮೂರು ದಿನ ಕೂತು ನೆನಪಿಸಿಕೊಂಡೆ ಅಂತ ನಿನಗೆ ಬರೆದೆನಲ್ಲ, ಆಗ ಅವಳು ಒಂದು ಸಲವೂ ನೆನಪಿಗೆ ಬರಲಿಲ್ಲ.

ನಿನ್ನ ಅತ್ತೆ ಅಂಗಡಿ ಮುಚ್ಚಿ, "ಬನ್ನಿ, ಅವಳ ಮನೆ ಇಲ್ಲೇ ಹತ್ರ, ತೋರಿಸ್ತೀನಿ" ಅಂದಳು. ದಾರಿಯುದ್ದಕ್ಕೂ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

ಎರಡು ಬೀದಿ ದಾಟಿ, ನೀರಿನ ಟ್ಯಾಂಕಿನ ಹಿಂದೆ ಮನೆ. ಗುಡಿಸುತ್ತಿದ್ದವಳು ದಿಂಬಿಗೆ ಒರಗಿ ಕೂತಿದ್ದಳು, ಮಲಗಲು ಆಗುವುದಿಲ್ಲವಂತೆ. ನನ್ನ ಗುರುತು ಹಿಡಿದಳು. "ಮೇಸ್ತ್ರಿಗಳಾ, ಕೂತ್ಕೊಳ್ಳಿ" ಅಂದಳು. ಯಾವಾಗಿನಿಂದ ಹೀಗೆ ಅಂತ ಕೇಳಿದೆ. ವರ್ಷ, ತಿಂಗಳು ಸಮೇತ ಹೇಳಿದಳು. ಯಾಕೆ ಯಾರಿಗೂ ಹೇಳಲಿಲ್ಲ ಅಂದದ್ದಕ್ಕೆ, "ಯಾರಾದ್ರೂ ಕೇಳಿದ್ರೆ ತಾನೇ" ಅಂದಳು. ಕಾಗದದ ತುಂಡಿನ ಮೇಲೆ ಎಲ್ಲ ಬರೆದುಕೊಂಡೆ.

ಇನ್ನಷ್ಟು ಫಾರಂ ಕಳಿಸು. ಒಂದು ಸಾಲದು. ಅವಳ ಜೊತೆ ಗುಡಿಸುತ್ತಿದ್ದವರ ಹೆಸರು ಹೇಳುತ್ತಿದ್ದಳು. ಇಬ್ಬರದ್ದು ಹೇಳಿ ಮೂರನೆಯದಕ್ಕೆ ಬರುವಾಗ ದಮ್ಮು ಕಟ್ಟಿತು. ನಿನ್ನ ಅತ್ತೆ ಬೆನ್ನು ನೀವುತ್ತಾ ಕೂತಳು, ನಾನು ಎದ್ದು ಬಂದೆ. ನಾಳೆ ಬೆಳಿಗ್ಗೆ ಮತ್ತೆ ಹೋಗಿ ಕೇಳಿಕೊಂಡು ಬರುತ್ತೇನೆ.

ಅಪ್ಪ